ಭೌತಶಾಸ್ತ್ರದ ಎಂ.ಎಸ್ಸಿ. ನಂತರ ಬ್ರೈನ್ ಇಮೇಜಿಂಗ್‌ನಲ್ಲಿ ಪಿಎಚ್.ಡಿ. ಮಾಡಬಹುದೇ? ಆಮೇಲೆ ಪೋಸ್ಟ್‌ಡಾಕ್‌ಗೆ (ಪಿಎಚ್.ಡಿ. ನಂತರದ ಸಂಶೋಧನಾ ಹುದ್ದೆಗೆ) ದಾರಿ ಯಾವುದು?

ನೀವು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೀರಿ, ಜೀವಶಾಸ್ತ್ರವನ್ನು ಪಿಯುಸಿಗೇ ಬಿಟ್ಟಿದ್ದೀರಿ, ಆದರೂ ಮಿದುಳಿನ ಚಿತ್ರಣದಲ್ಲಿ ಸಂಶೋಧನೆ ಮಾಡುವ ಆಸೆಯಿದೆ. ಕರ್ನಾಟಕದಲ್ಲೇ ಅವಕಾಶ ಇದೆಯೇ, ವಿದೇಶಕ್ಕೆ ಹೋಗಲೇಬೇಕೇ, ಪಿಎಚ್.ಡಿ. ಅವಧಿಯಲ್ಲಿ ಹಣಕ್ಕೆ ಏನು ಮಾಡುವುದು, ಕೊನೆಗೆ ಹೊಸನಗರದ ಕಡೆಗೆ ಮರಳಿ ಬಂದು ಇದೇ ಕೆಲಸ ಮಾಡಲು ಸಾಧ್ಯವೇ ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಇದೇ ವಿಷಯದಲ್ಲಿ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡಿ, ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮುಗಿಸಿ, ಈಗ ಶಿವಮೊಗ್ಗದಲ್ಲಿ ಪಾಠ ಮಾಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಭೌತಶಾಸ್ತ್ರವನ್ನು ಒಂದು ಕೊರತೆಯೆಂಬಂತೆ ಮರೆಮಾಚಿ, ನರವಿಜ್ಞಾನ ಓದಿದವರ ಸಾಲಿನಲ್ಲಿ ನಿಂತು ಅರ್ಜಿ ಹಾಕಬೇಡಿ. ಅದನ್ನೇ ಮುಂದಿಟ್ಟುಕೊಂಡು ಹೋಗಿ. ಈ ಕ್ಷೇತ್ರದಲ್ಲಿ ಜೀವಶಾಸ್ತ್ರ ಬಲ್ಲವರು ಸಾಕಷ್ಟು ಸಿಗುತ್ತಾರೆ, ಸಿಗ್ನಲ್ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದವರು ಕಡಿಮೆ.

ಎಂಆರ್‌ಐ ಹುಟ್ಟಿದ್ದೇ ನೀವು ಸ್ಪೆಕ್ಟ್ರೋಸ್ಕೋಪಿಯಲ್ಲಿ ಓದಿದ ಎನ್‌ಎಂಆರ್ (ನ್ಯೂಕ್ಲಿಯಸ್ಸಿನ ಕಾಂತೀಯ ಅನುರಣನ) ಅಧ್ಯಾಯದಿಂದ. ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್ಸು 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಸುಮಾರು 42.58 ಮೆಗಾಹರ್ಟ್ಸ್ ಆವರ್ತನದಲ್ಲಿ ಅನುರಣಿಸುತ್ತದೆ. ಸಂಶೋಧನೆಗೆ ಸಾಮಾನ್ಯವಾಗಿ ಬಳಸುವ 3 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 128 ಮೆಗಾಹರ್ಟ್ಸ್ ಆಗುತ್ತದೆ. ಕ್ಷೇತ್ರದ ಬಲವನ್ನು ಸ್ಥಳದಿಂದ ಸ್ಥಳಕ್ಕೆ ಸ್ವಲ್ಪ ಬದಲಿಸಿದರೆ ಆವರ್ತನವೇ ಸ್ಥಳವನ್ನು ಹೇಳುತ್ತದೆ, ಉಳಿದದ್ದನ್ನು ಫೋರಿಯರ್ ಪರಿವರ್ತನೆ ಮಾಡಿಕೊಡುತ್ತದೆ. ಇದನ್ನು ಸಾಧಿಸಿದ್ದಕ್ಕೆ 2003ರ ವೈದ್ಯಕೀಯ ನೊಬೆಲ್ ಪಡೆದ ಲಾಟರ್‌ಬರ್ ರಸಾಯನಶಾಸ್ತ್ರಜ್ಞ, ಮ್ಯಾನ್ಸ್‌ಫೀಲ್ಡ್ ಭೌತಶಾಸ್ತ್ರಜ್ಞ, ಇಬ್ಬರೂ ವೈದ್ಯರಲ್ಲ. ಮಿದುಳು ಕೆಲಸ ಮಾಡುವುದನ್ನು ತೋರಿಸುವ ಎಫ್‌ಎಂಆರ್‌ಐಗೂ ಅಂಥದ್ದೇ ಮೂಲವಿದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಪ್ಯಾರಾಮ್ಯಾಗ್ನೆಟಿಕ್ (ಕಾಂತಕ್ಷೇತ್ರಕ್ಕೆ ಸ್ವಲ್ಪ ಸೆಳೆಯಲ್ಪಡುವಂಥದ್ದು) ಎಂಬುದನ್ನು ರಸಾಯನಶಾಸ್ತ್ರಜ್ಞರಾದ ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ಕಂಡುಕೊಂಡಿದ್ದರು. ಅದನ್ನು ಬಳಸಿ ರಕ್ತದ ಆಮ್ಲಜನಕ ಸ್ಥಿತಿಯನ್ನು ಚಿತ್ರದಲ್ಲಿ ಕಾಣಬಹುದೆಂದು ಸೇಜಿ ಒಗಾವಾ 1990ರಲ್ಲಿ ತೋರಿಸಿದರು. ನರಕೋಶ ಕೆಲಸ ಮಾಡಿ ಐದಾರು ಸೆಕೆಂಡುಗಳಾದ ಮೇಲೆ ಈ ಸಿಗ್ನಲ್ ಶಿಖರ ಮುಟ್ಟುತ್ತದೆ. ಹಾಗಾಗಿ ನಾವು ನೋಡುವುದು ಯೋಚನೆಯನ್ನಲ್ಲ, ಅದರ ಹಿಂದೆ ನಿಧಾನವಾಗಿ ಬರುವ ರಕ್ತವನ್ನು. ಇಷ್ಟನ್ನು ಸ್ಪಷ್ಟವಾಗಿ ಹೇಳಬಲ್ಲ ಅಭ್ಯರ್ಥಿ ಸಂದರ್ಶನದಲ್ಲಿ ಅರ್ಧ ಗೆದ್ದಂತೆ.

ಹೀಗಾಗಿ ನಿಮಗೆ ಸಹಜವಾಗಿ ಒಗ್ಗುವ ಕೆಲಸಗಳು ಎರಡು. ಚಿತ್ರ ತೆಗೆಯುವ ವಿಧಾನವನ್ನೇ ಉತ್ತಮಪಡಿಸುವುದು ಒಂದು, ಅಂದರೆ ಪಲ್ಸ್ ಸೀಕ್ವೆನ್ಸ್ (ರೇಡಿಯೋ ತರಂಗಗಳನ್ನು ಬಿಡುವ ಕ್ರಮ), ಕಾಯಿಲ್ (ಸಿಗ್ನಲ್ ಹಿಡಿಯುವ ತಂತಿಸುರುಳಿ), ಕಡಿಮೆ ದತ್ತಾಂಶದಿಂದ ಚಿತ್ರವನ್ನು ಮರಳಿ ಕಟ್ಟುವ ಗಣಿತ. ತೆಗೆದ ಚಿತ್ರಗಳನ್ನು ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ನೆರವಿನಿಂದ ವಿಶ್ಲೇಷಿಸುವುದು ಇನ್ನೊಂದು. ಮೊದಲನೆಯದಕ್ಕೆ ಯಂತ್ರದ ಒಳಹೊಕ್ಕು ಕೆಲಸ ಮಾಡಲು ಬಿಡುವ ಪ್ರಯೋಗಾಲಯ ಬೇಕು, ಅಂಥವು ನಮ್ಮ ದೇಶದಲ್ಲಿ ಕೆಲವೇ. ಎರಡನೆಯದನ್ನು ನೀವು ಇವತ್ತು ರಾತ್ರಿಯೇ ಹಾಸ್ಟೆಲ್ಲಿನಲ್ಲಿ ಕುಳಿತು ಆರಂಭಿಸಬಹುದು, ಆರಂಭಿಸಲೇಬೇಕು ಎಂಬುದು ನನ್ನ ಒತ್ತಾಯ.

ಹೇಗೆಂದರೆ, ಓಪನ್‌ನ್ಯೂರೋ ಎಂಬ ತಾಣದಲ್ಲಿ ನೂರಾರು ಅಧ್ಯಯನಗಳ ಎಂಆರ್‌ಐ, ಇಇಜಿ (ತಲೆಗೆ ಎಲೆಕ್ಟ್ರೋಡು ಇಟ್ಟು ಮಿದುಳಿನ ವಿದ್ಯುತ್ ತರಂಗ ಅಳೆಯುವುದು) ದತ್ತಾಂಶ ಉಚಿತವಾಗಿ ಸಿಗುತ್ತದೆ. ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್‌ನ ಸುಮಾರು 1,200 ಯುವಜನರ ದತ್ತಾಂಶವೂ ನೋಂದಣಿ ಮಾಡಿಕೊಂಡವರಿಗೆ ದೊರೆಯುತ್ತದೆ. ಲಂಡನ್ನಿನಲ್ಲಿ ಹುಟ್ಟಿದ ಎಸ್‌ಪಿಎಂ, ಆಕ್ಸ್‌ಫರ್ಡಿನ ಎಫ್‌ಎಸ್‌ಎಲ್, ಬಾಸ್ಟನ್ನಿನ ಫ್ರೀಸರ್ಫರ್, ಪೈಥಾನ್‌ನ ನೈಲರ್ನ್, ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ಈ ತಂತ್ರಾಂಶಗಳೆಲ್ಲವನ್ನೂ ಕಲಿಯುವವರು ಹಣ ಕೊಡದೆ ಇಳಿಸಿಕೊಳ್ಳಬಹುದು (ಎಸ್‌ಪಿಎಂ ಸಾಮಾನ್ಯವಾಗಿ ಮ್ಯಾಟ್‌ಲ್ಯಾಬ್ ಬೇಡುತ್ತದೆ, ಅದು ನಿಮ್ಮ ವಿಭಾಗದಲ್ಲಿ ಇರಬಹುದು). ಒಬ್ಬರ ಎಫ್‌ಎಂಆರ್‌ಐ ಕಡತವನ್ನು ತೆರೆದು, ಅವರ ತಲೆ ಎಷ್ಟು ಅಲುಗಾಡಿದೆ ಎಂಬ ರೇಖಾಚಿತ್ರವನ್ನು ಮೊದಲು ತೆಗೆಯಿರಿ. ಮಲಗಿದವರು ಒಮ್ಮೆ ಎಂಜಲು ನುಂಗಿದ್ದೂ ಸಣ್ಣ ಏರಾಗಿ ಕಾಣಬಹುದು. ಅರ್ಧ ಮಿಲಿಮೀಟರ್ ಜರುಗಿದರೂ ಸಿಗ್ನಲ್ಲಿನಲ್ಲಿ ಏಳುವ ಗದ್ದಲ, ನೀವು ಹುಡುಕುತ್ತಿರುವ ಪರಿಣಾಮಕ್ಕಿಂತ ದೊಡ್ಡದಾಗಿರಬಹುದು. ನಮ್ಮ ಕಡೆಯ ಅಡಿಕೆಯಲ್ಲಿ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರ್ಪಡಿಸದೆ ಮಂಡಿಗೆ ಕಳಿಸುವವರಿಲ್ಲ. ಸ್ಕ್ಯಾನ್‌ಗಳಲ್ಲೂ ಯಾವುದು ಇಟ್ಟುಕೊಳ್ಳತಕ್ಕದ್ದು, ಯಾವುದು ಬಿಡತಕ್ಕದ್ದು ಎಂದು ಆರಿಸುವುದೇ ಮೊದಲ ತಿಂಗಳುಗಳ ಕೆಲಸ, ಅದನ್ನು ಬಲ್ಲವರಿಗೆ ಯಾವ ಪ್ರಯೋಗಾಲಯದಲ್ಲೂ ಬೇಡಿಕೆಯಿದೆ. ಎಂ.ಎಸ್ಸಿ. ಪ್ರಾಜೆಕ್ಟನ್ನು ಇದರ ಮೇಲೆಯೇ ಮಾಡಲು ನಿಮ್ಮ ಮಾರ್ಗದರ್ಶಕರು ಒಪ್ಪಿದರೆ, ಅರ್ಜಿಯ ಜೊತೆ ತೋರಿಸಲು ಒಂದು ಗಟ್ಟಿ ಕೆಲಸ ಕೈಯಲ್ಲಿರುತ್ತದೆ.

ಇನ್ನು ಕರ್ನಾಟಕದ ಮಾತು. ಅವಕಾಶ ಇದೆ, ಚೆನ್ನಾಗಿಯೇ ಇದೆ, ಆದರೆ ಬಹುಪಾಲು ಬೆಂಗಳೂರಿನಲ್ಲಿದೆ. ನಿಮ್ಹಾನ್ಸ್‌ನಲ್ಲಿ ರೋಗಿಗಳ ಚಿತ್ರಣ ಮತ್ತು ಸಂಶೋಧನೆ ಒಂದೇ ಸೂರಿನಡಿ ನಡೆಯುತ್ತದೆ; ಎಂಆರ್‌ಐ ಮಾತ್ರವಲ್ಲ, ಪೆಟ್-ಎಂಆರ್ (ಪೆಟ್ ಸ್ಕ್ಯಾನ್ ಮತ್ತು ಎಂಆರ್‌ಐ ಒಟ್ಟಿಗೆ ಮಾಡುವ ಯಂತ್ರ), ಮಿದುಳಿನ ಕಾಂತಕ್ಷೇತ್ರವನ್ನು ಅಳೆಯುವ ಎಂಇಜಿ ಕೂಡ ಅಲ್ಲಿವೆ. ಆಸ್ಪತ್ರೆಯಾದ್ದರಿಂದ ರೋಗಿಗಳಿಗೆ ಮೊದಲ ಆದ್ಯತೆ, ಸಂಶೋಧನೆಯ ಸ್ಕ್ಯಾನ್ ಅವರ ಸರದಿ ಮುಗಿದ ಮೇಲೆ. ಅದು ಸರಿಯಾದದ್ದೇ, ಆದರೆ ಅಂಥ ಕಡೆ ವೇಳಾಪಟ್ಟಿ ನಿಮ್ಮ ಕೈಯಲ್ಲಿರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಆರಂಭವಾದ ನರವಿಜ್ಞಾನ ಕೇಂದ್ರವಿದೆ, ಜೊತೆಗೆ ಕಂಪ್ಯುಟೇಷನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗದಲ್ಲೂ ವೈದ್ಯಕೀಯ ಚಿತ್ರಣದ ಕೆಲಸ ನಡೆಯುತ್ತದೆ. ಅದೇ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ 45 ದಾಟಿದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. 10,000 ಜನರನ್ನು ಒಳಗೊಳ್ಳುವುದು ಅದರ ಗುರಿ. ಮುಪ್ಪಿನಲ್ಲಿ ಮಿದುಳು ಹೇಗೆ ಬದಲಾಗುತ್ತದೆ, ಮರೆವಿನ ಕಾಯಿಲೆ ಯಾರಿಗೆ ಬರುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ನಗರವಾಸಿಗಳ ದತ್ತಾಂಶ ಮಾತ್ರ ಸಾಲದು ಎಂಬುದು ಅದರ ಹಿಂದಿನ ಯೋಚನೆ.

ಇಲ್ಲಿ ಒಂದು ಮಾತನ್ನು ಯಾರೂ ಪ್ರಕಟಣೆಯಲ್ಲಿ ಬರೆಯುವುದಿಲ್ಲ: ಕನ್ನಡ ಚೆನ್ನಾಗಿ ಬರುವುದು ಈ ಕೆಲಸದಲ್ಲಿ ಒಂದು ಅರ್ಹತೆ. ಎಂಆರ್‌ಐ ಕೋಣೆಗೆ ಹೋಗುವ ಮುನ್ನ ಅರವತ್ತೈದರ ಅಜ್ಜಿಗೆ ಕರಿಮಣಿ, ಕಾಲುಂಗುರ, ಬಳೆ, ತಲೆಪಿನ್ನು ಎಲ್ಲವನ್ನೂ ತೆಗೆದಿಡಬೇಕೆಂದು ಹೇಳಬೇಕು. ಯಜಮಾನರು ಬದುಕಿರುವಾಗ ತಾಳಿ ತೆಗೆಯುವುದೇ ಎಂದು ಅವರು ಕೈ ಹಿಂದೆಗೆದರೆ, ಗದರದೆ, ಸುಳ್ಳೂ ಹೇಳದೆ ಒಪ್ಪಿಸಬೇಕು, ಇಲ್ಲವೇ ಸ್ಕ್ಯಾನನ್ನೇ ಕೈಬಿಡಬೇಕು. ಇಇಜಿಗೆ ಬರುವವರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಬರುತ್ತಾರೆ, ಎಲೆಕ್ಟ್ರೋಡು ಸಂಪರ್ಕವೇ ಸಿಗುವುದಿಲ್ಲ. ಹಿಂದಿನ ದಿನವೇ ಫೋನು ಮಾಡಿ ತಲೆಗೆ ಸ್ನಾನ ಮಾಡಿ, ಎಣ್ಣೆ ಬೇಡ ಎಂದು ತಿಳಿಹೇಳುವವರು ಬೇಕು. ಇಇಜಿ ಅಗ್ಗದ ತಂತ್ರ ಎಂದು ತಾತ್ಸಾರ ಬೇಡ. ಕಣ್ಣೆದುರಿನ ಪಟ್ಟೆಗಳಿಗೆ ಮಿದುಳು ತೋರುವ ಗಾಮಾ ತರಂಗವು (ವೇಗದ ಒಂದು ಮಿದುಳಿನ ತರಂಗ) ಅಲ್ಝೈಮರ್‌ನ ಆರಂಭಿಕ ಹಂತದವರಲ್ಲಿ ದುರ್ಬಲವಾಗಿರುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದು ಬೆಂಗಳೂರಿನ ಹಿರಿಯರ ಇಇಜಿಯಿಂದಲೇ.

ರಾಜ್ಯದ ಹೊರಗೆ ಮೊದಲು ನೋಡಬೇಕಾದದ್ದು ಹರಿಯಾಣದ ಮಾನೇಸರಿನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ. ಭೌತಶಾಸ್ತ್ರ, ಗಣಿತ ಓದಿದವರನ್ನೂ ಅಲ್ಲಿ ಪಿಎಚ್.ಡಿ.ಗೆ ಪರಿಗಣಿಸುತ್ತಾರೆ. ಲಖನೌದ ಸೆಂಟರ್ ಆಫ್ ಬಯೋಮೆಡಿಕಲ್ ರಿಸರ್ಚ್ ಎನ್‌ಎಂಆರ್ ಹಿನ್ನೆಲೆಯವರಿಗೆ ಹೊಂದುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ದೆಹಲಿ ಐಐಟಿಯ ಬಯೋಮೆಡಿಕಲ್ ಎಂಜಿನಿಯರಿಂಗ್ ಕೇಂದ್ರ, ಗಾಂಧಿನಗರ ಮತ್ತು ಕಾನ್ಪುರ ಐಐಟಿಗಳ ಕಾಗ್ನಿಟಿವ್ ಸೈನ್ಸ್ ವಿಭಾಗಗಳನ್ನೂ ನೋಡಿ.

ಹಣದ ವಿಷಯಕ್ಕೆ ಬಂದರೆ, ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಗಳಿಸುವುದೇ ಅತ್ಯಂತ ಭದ್ರವಾದ ದಾರಿ, ಅದೂ ನಿಮ್ಮದೇ ಭೌತವಿಜ್ಞಾನದ ಪತ್ರಿಕೆಯಲ್ಲಿ. 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದಾಗ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಗೇಟ್ ಅಂಕವನ್ನೂ ಇಟ್ಟುಕೊಳ್ಳಿ, ಐಐಟಿಗಳ ಪ್ರವೇಶಕ್ಕೆ ಅದು ನೆರವಾಗುತ್ತದೆ. ಎಂ.ಎಸ್ಸಿ. ಮುಗಿದ ತಕ್ಷಣ ಯಾವುದೂ ಕೈಗೂಡದಿದ್ದರೆ, ಒಂದು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರುವುದು ಸೋಲಲ್ಲ. ಆ ಪ್ರಯೋಗಾಲಯದ ಗಾಳಿ ನಿಮಗೆ ಒಗ್ಗುತ್ತದೆಯೇ, ಗೈಡ್ ವಿದ್ಯಾರ್ಥಿಗಳ ಕರಡನ್ನು ಓದುತ್ತಾರೆಯೇ, ಹಿಂದಿನವರು ಎಷ್ಟು ವರ್ಷಕ್ಕೆ ಥೀಸಿಸ್ ಕೊಟ್ಟರು ಎಂಬುದು ಒಳಗಿದ್ದವರಿಗೆ ಮಾತ್ರ ತಿಳಿಯುತ್ತದೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಎಂದಿದೆ. ಸ್ಕ್ಯಾನ್ ಆಧಾರಿತ ಕೆಲಸ ಮೂರಕ್ಕೆ ಮುಗಿಯುವುದನ್ನು ನಾನು ಕಂಡಿಲ್ಲ.

ಗೈಡ್‌ರನ್ನು ಆರಿಸುವಾಗ ಯಂತ್ರದ ಟೆಸ್ಲಾ ನೋಡಿ ಮರುಳಾಗಬೇಡಿ. ಫ್ರಾನ್ಸಿನ ನ್ಯೂರೋಸ್ಪಿನ್ ಸಂಶೋಧನಾ ಕೇಂದ್ರದವರು 2024ರಲ್ಲಿ 11.7 ಟೆಸ್ಲಾದಲ್ಲಿ ಮನುಷ್ಯರ ಮಿದುಳಿನ ಚಿತ್ರ ತೆಗೆದು ತೋರಿಸಿದ್ದಾರೆ, ಅದು ದೊಡ್ಡ ಸಾಧನೆಯೇ. ಆದರೆ ಈ ಕ್ಷೇತ್ರದ ನಿಜವಾದ ಕಷ್ಟ ಬೇರೆಡೆಯಿದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಎಫ್‌ಎಂಆರ್‌ಐ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟಾಗ, ಯಾವ ಎರಡು ತಂಡಗಳೂ ಒಂದೇ ಕ್ರಮದಲ್ಲಿ ವಿಶ್ಲೇಷಿಸಲಿಲ್ಲ, ತೀರ್ಮಾನಗಳೂ ಹಲವು ಕಡೆ ಬೇರೆಯಾದವು. 2022ರಲ್ಲಿ ಬಂದ ಇನ್ನೊಂದು ಅಧ್ಯಯನವು, ಮಿದುಳಿನ ರಚನೆಯನ್ನು ವ್ಯಕ್ತಿಯ ಬುದ್ಧಿ, ವರ್ತನೆಗಳ ಜೊತೆ ತಾಳೆ ಹಾಕುವ ಸಂಶೋಧನೆಗೆ ಸಾವಿರಾರು ಜನರ ಸ್ಕ್ಯಾನ್ ಬೇಕೆಂದು ತೋರಿಸಿತು. ಇಪ್ಪತ್ತು ಜನರನ್ನು ಸ್ಕ್ಯಾನ್ ಮಾಡಿ ಸ್ವಭಾವದ ಮೂಲ ಕಂಡುಹಿಡಿಯೋಣ ಎನ್ನುವ ಗೈಡ್ ಸಿಕ್ಕರೆ, ಈ ಎರಡರ ಬಗ್ಗೆ ಅವರ ಅಭಿಪ್ರಾಯವನ್ನು ವಿನಯದಿಂದಲೇ ಕೇಳಿ. ಉತ್ತರ ಏನಿರುತ್ತದೋ ಅದೇ ನಿಮ್ಮ ನಿರ್ಧಾರಕ್ಕೆ ಸಾಕು.

ವಿದೇಶ ಕಡ್ಡಾಯವಲ್ಲ, ಆದರೆ ಯಂತ್ರದ ಭೌತಶಾಸ್ತ್ರವೇ ಬೇಕೆಂದರೆ ಹೋಗುವುದು ಒಳ್ಳೆಯದು. ಲೈಪ್ಜಿಗ್ ಮತ್ತು ಟ್ಯೂಬಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು, ನೆದರ್ಲೆಂಡ್ಸಿನ ನೈಮೇಗನ್‌ನ ಡಾಂಡರ್ಸ್, ಅಮೆರಿಕದ ಮಿನೆಸೋಟ, ಕೆನಡಾದ ಮಾಂಟ್ರಿಯಲ್, ಇವು ಈ ವಿಷಯಕ್ಕೆ ಹೆಸರಾದ ತಾಣಗಳು. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಬಹುಮಟ್ಟಿಗೆ ಉದ್ಯೋಗಿಯಾಗಿ ಒಪ್ಪಂದದ ಮೇಲೆ ನೇಮಿಸಿಕೊಳ್ಳುತ್ತಾರೆ, ಹುದ್ದೆ ಖಾಲಿಯಾದಾಗ ಪ್ರಕಟಣೆ ಬರುತ್ತದೆ. ಅಮೆರಿಕದಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಅರ್ಜಿ, ಐದಾರು ವರ್ಷದ ಓದು. ಇಲ್ಲೇ ಪಿಎಚ್.ಡಿ. ಸೇರಿ, ನಡುವೆ ಫುಲ್‌ಬ್ರೈಟ್-ನೆಹರೂ ಡಾಕ್ಟೋರಲ್ ಫೆಲೋಶಿಪ್ಪಿನಲ್ಲಿ ಆರರಿಂದ ಒಂಬತ್ತು ತಿಂಗಳು ಅಮೆರಿಕದ ಪ್ರಯೋಗಾಲಯದಲ್ಲಿ ಇದ್ದು ಬರುವುದು, ನನ್ನ ಮಟ್ಟಿಗೆ, ನಿಮ್ಮಂಥವರಿಗೆ ಎಲ್ಲಕ್ಕಿಂತ ಹಿತವಾದ ಏರ್ಪಾಡು.

ಪೋಸ್ಟ್‌ಡಾಕ್ ಬಗ್ಗೆ ಈಗಲೇ ತಲೆಕೆಡಿಸಿಕೊಳ್ಳಬೇಕಿಲ್ಲ, ದಾರಿಗಳಿವೆ ಎಂದು ತಿಳಿದಿದ್ದರೆ ಸಾಕು. ದೇಶದೊಳಗೆ, ಎಎನ್‌ಆರ್‌ಎಫ್‌ (ಸಂಶೋಧನೆಗೆ ಹಣ ನೀಡುವ ಕೇಂದ್ರ ಸರ್ಕಾರದ ಸಂಸ್ಥೆ) ಕೊಡುವ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ ಎರಡು ವರ್ಷದ್ದು. ಪ್ರಾಜೆಕ್ಟ್‌ಗಳಲ್ಲಿ ರಿಸರ್ಚ್ ಅಸೋಸಿಯೇಟ್ ಆದರೆ 2023ರ ದರದಲ್ಲಿ 58,000ದಿಂದ 67,000 ರೂಪಾಯಿವರೆಗೆ ಮೂರು ಹಂತಗಳಿವೆ. ಯುರೋಪಿಗೆ ಮೇರಿ ಕ್ಯೂರಿ ಫೆಲೋಶಿಪ್ ಇದೆ, ಅದಕ್ಕೆ ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಇದ್ದಿರಬಾರದೆಂಬ ನಿಯಮವಿರುವುದರಿಂದ, ಮೊದಲು ಅಲ್ಲಿಗೆ ಹೋಗಿ ಆಮೇಲೆ ಅರ್ಜಿ ಹಾಕೋಣ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಜರ್ಮನಿಗೆ ಹುಂಬೋಲ್ಟ್, ಬ್ರಿಟನ್ನಿಗೆ ನ್ಯೂಟನ್ ಇಂಟರ್‌ನ್ಯಾಷನಲ್ ಕೂಡ ಇವೆ. ವಾಸ್ತವದಲ್ಲಿ ಹೆಚ್ಚಿನವರು ಪೋಸ್ಟ್‌ಡಾಕ್ ಪಡೆಯುವುದು ಫೆಲೋಶಿಪ್ಪಿನಿಂದಲ್ಲ, ಪ್ರಬಂಧ ಓದಿ ನೇರವಾಗಿ ಬರೆದ ಪತ್ರದಿಂದ. ಆ ಪತ್ರದಲ್ಲಿ ಹೊಗಳಿಕೆ ಬೇಡ; ಅವರ ಯಾವ ಪ್ರಬಂಧದ ಯಾವ ಭಾಗ ನಿಮ್ಮ ಕೆಲಸಕ್ಕೆ ತಾಗುತ್ತದೆ, ನೀವು ಬರೆದ ಕೋಡ್ ಎಲ್ಲಿ ನೋಡಸಿಗುತ್ತದೆ ಎಂಬುದು ಹತ್ತು ಸಾಲಿನಲ್ಲಿರಲಿ.

ಮಲೆನಾಡಿಗೆ ಮರಳುವ ಪ್ರಶ್ನೆಗೆ ಪೂರ್ಣ ಹೌದು ಎನ್ನಲಾರೆ. ಶಿವಮೊಗ್ಗದಲ್ಲಿ ಎಂಆರ್‌ಐ ಯಂತ್ರಗಳಿವೆ, ಆದರೆ ಅವು ರೋಗಿಗಳಿಗಾಗಿ ಇರುವಂಥವು. ಸಂಶೋಧನೆಗೆಂದೇ ಮೀಸಲಾದ ಸ್ಕ್ಯಾನರನ್ನು ಇಲ್ಲಿ ನಿರೀಕ್ಷಿಸಬೇಡಿ. ವಿಶ್ಲೇಷಣೆಯ ಕೆಲಸವನ್ನು ಮಾತ್ರ ಎಲ್ಲಿಂದಲಾದರೂ ಮಾಡಬಹುದು, ನಾನು ಪಾಠದ ನಡುವೆ ಮಾಡುತ್ತಿರುವುದೂ ಅದನ್ನೇ. ಇಲ್ಲಿಂದಲೇ ಕೇಳಬೇಕಾದ ಪ್ರಶ್ನೆಗಳೂ ಇವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಲ್ಲಿ, ಜ್ವರ ಇಳಿದು ಒಂದೆರಡು ವಾರದ ಮೇಲೆ ಕೆಲವರಿಗೆ ಎರಡನೆಯ ಸುತ್ತು ಬರುತ್ತದೆ. ಆಗ ತೀವ್ರ ತಲೆನೋವು, ನಡುಕ, ಗೊಂದಲದಂಥ ಮಿದುಳಿಗೆ ಸಂಬಂಧಿಸಿದ ಲಕ್ಷಣಗಳು ಕಾಣುತ್ತವೆ. ಅದರಿಂದ ಚೇತರಿಸಿಕೊಂಡವರ ನೆನಪು, ಗಮನ, ಇಇಜಿಗಳನ್ನು ವರ್ಷಗಳ ಕಾಲ ನೋಡುತ್ತ ಹೋಗುವ ಅಧ್ಯಯನವೊಂದು ನಡೆಯಬೇಕೆಂಬುದು ನನ್ನ ಬಹುದಿನದ ಅಪೇಕ್ಷೆ. ಅದಕ್ಕೆ 11.7 ಟೆಸ್ಲಾ ಬೇಡ; ವೈದ್ಯಕೀಯ ಕಾಲೇಜಿನ ನರರೋಗ ತಜ್ಞರ ಸಹಕಾರ, ಎಥಿಕ್ಸ್ ಸಮಿತಿಯ ಒಪ್ಪಿಗೆ, ಒಂದು ಇಇಜಿ ಯಂತ್ರ, ಸಾಗರ, ಸೊರಬ, ತೀರ್ಥಹಳ್ಳಿಯ ಹಳ್ಳಿಗಳಿಗೆ ಹೋಗಿ ಕೂರಬಲ್ಲ ಒಬ್ಬ ಸಂಶೋಧಕಿ ಇದ್ದರೆ ಆರಂಭಿಸಬಹುದು. ನೀವು ಪಿಎಚ್.ಡಿ.ಗೆ ವಿಷಯ ಬರೆಯುವ ಹೊತ್ತಿಗೆ ಇದು ನೆನಪಾದರೆ, ಇಲ್ಲಿ ಪ್ರತಿಕ್ರಿಯೆ ಹಾಕಿ. ನಾನು ಓದಿಟ್ಟುಕೊಂಡಿರುವ ಪ್ರಬಂಧಗಳನ್ನು ಕಳಿಸಿಕೊಡುತ್ತೇನೆ.