ಮಗೂಗ ಪದೇ ಪದೇ ದಮ್ಮು ಬಂದ್ರ ಸೀದಾ ಬೆಂಗಳೂರಿಗೇ ಒಯ್ಯಬೇಕೇನು?

ನಾಲ್ಕು ವರ್ಷದ ಮಗೂಗ ಮತ್ತ ಮತ್ತ ಕೆಮ್ಮು ದಮ್ಮು ಬರ್ತದ, ಯಾದಗಿರಿಯಾಗ ಇದ್ದೀವಿ, ಎಲ್ಲಿ ತೋರಿಸ್ಬೇಕು ಅಂತ ಕೇಳೀರಿ. ಮೊದಲ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿಗಳಾದ ಯಾದಗಿರಿ ಯಿಮ್ಸ್ ಇಲ್ಲಾ ಕಲಬುರಗಿ ಜಿಮ್ಸ್‌ನ್ಯಾಗ ಮಕ್ಕಳ ಡಾಕ್ಟರಿಗಿ ತೋರಿಸ್ರಿ, ಅಸ್ತಮಾ ಇದ್ರ ಬಹಳಷ್ಟು ಮಕ್ಕಳಿಗಿ ಅಲ್ಲೇ ಹಿಡಿತಕ್ಕ ಬರ್ತದ.

ಊದಿಸಿ ನೋಡೋ ಸ್ಪೈರೋಮೆಟ್ರಿ ಟೆಸ್ಟ್ ಐದಾರು ವರ್ಷ ಆದ್ಮ್ಯಾಲೇ ಸರಿಯಾಗಿ ಆಗೋದು, ಅದಕ್ಕ ಈ ವಯಸ್ಸಿನಾಗ ನೀವು ಹೇಳೋ ಮಾತೇ ಡಾಕ್ಟರಿಗಿ ಮುಖ್ಯ, ಕೆಮ್ಮು ರಾತ್ರಿ ಜಾಸ್ತಿನೋ, ಧೂಳು ಹೊಗಿಗಿ ಬರ್ತದೋ, ಮನ್ಯಾಗ ಯಾರಿಗಾದ್ರೂ ಅಸ್ತಮಾ ಅದನೋ ಬರದಿಟ್ಕೊಳ್ರಿ, ಎದಿಯಾಗ ಸುಂಯ್ ಅನ್ನೋದು ಫೋನಿನಾಗ ವಿಡಿಯೋ ಮಾಡಿ ಒಯ್ರಿ. ಇನ್ಹೇಲರ್ ಚಟ ಆಗ್ತದ ಅಂತ ಮಂದಿ ಹೆದರಸ್ತಾರ, ದಯವಿಟ್ಟು ನಂಬಬ್ಯಾಡ್ರಿ, ಔಷಧ ಸೀದಾ ಶ್ವಾಸಕೋಶಕ್ಕ ಹೋಗೋದ್ರಿಂದ ಸಿರಪ್‌ಗಿಂತ ಭಾಳ ಕಮ್ಮಿ ಡೋಸ್ ಸಾಕಾಗ್ತದ. ಸಣ್ಣ ಮಕ್ಕಳಿಗಿ ಸ್ಪೇಸರ್ (ಇನ್ಹೇಲರಿಗಿ ಜೋಡಿಸೋ ಪ್ಲಾಸ್ಟಿಕ್ ಕೊಳವಿ) ಹಚ್ಚೇ ಕೊಡಬೇಕು.

ತೂಕ ಏರದಿದ್ರ, ಪದೇ ಪದೇ ನ್ಯುಮೋನಿಯಾ ಆದ್ರ, ಬೆರಳ ತುದಿ ಉಬ್ಬಿದ್ರ, ಕಫದ ಕೆಮ್ಮು ನಾಲ್ಕು ವಾರ ದಾಟಿದ್ರ ಮಕ್ಕಳ ಶ್ವಾಸಕೋಶದ ತಜ್ಞ ಡಾಕ್ಟರ್, ಅಂದ್ರ ಪಲ್ಮನಾಲಜಿಸ್ಟ್‌ಗೆ ರೆಫರ್ ಮಾಡ್ರಿ ಅಂತ ನೀವೇ ಕೇಳ್ರಿ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸರ್ಕಾರಿ ಸಂಸ್ಥೇನೇ. ಪಕ್ಕಿ ಒಳಗ ಎಳೀತಿದ್ರ, ತುಟಿ ನೀಲಿ ಆದ್ರ, ಸುಮ್ನ ಕುಂತಾಗೂ ನಿಮಿಷಕ್ಕ 40 ಸಲಕ್ಕಿಂತ ಹೆಚ್ಚು ಉಸಿರಾಡ್ತಿದ್ರ ಮಾತ್ರ ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.