ಚಂಡೆಯ ಪೆಟ್ಟು ಬಿದ್ದರೆ ಆಫ್ ಆಗುವ ರಿಸೀವರ್

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರ ಹಳ್ಳಿ. ಒಂದು ಜೊತೆ ದೊಡ್ಡ ಸ್ಪೀಕರ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಿಂದೆ 4 ಓಮ್, 84 ಡಿಬಿ ಅಂತ ಬರೆದಿದೆ. ಮನೆಯಲ್ಲಿದ್ದ 100 ವ್ಯಾಟ್ ಹೋಂ ಥಿಯೇಟರ್ ರಿಸೀವರ್‌ಗೆ ಹಾಕಿದ್ದೇನೆ. ಭಾವಗೀತೆ ಚೆನ್ನಾಗಿ ಕೇಳುತ್ತದೆ. ಯಕ್ಷಗಾನ ಹಾಕಿ ಸೌಂಡ್ ಜಾಸ್ತಿ ಮಾಡಿದರೆ ಚಂಡೆ ಒಡೆದ ಹಾಗೆ ಕೇಳಿ, ರಿಸೀವರ್ ಆಫ್ ಆಗುತ್ತದೆ. ಅಂಗಡಿಯವರು 500 ವ್ಯಾಟ್‌ನದ್ದು ತಗೊಳ್ಳಿ ಅಂತಾರೆ. ಬೇಕಾ?

ಉತ್ತರ: ಬೇಡ. ರಿಸೀವರ್ ಕೆಟ್ಟಿರಲಿಕ್ಕಿಲ್ಲ, ಅದು ತನ್ನ ಜೀವ ಉಳಿಸಿಕೊಳ್ಳೋಕೆ ಆಫ್ ಆಗುತ್ತಿದೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಅದು ಕಡಿಮೆ ಇದ್ದಷ್ಟೂ ಸ್ಪೀಕರ್ ಹೆಚ್ಚು ಕರೆಂಟ್ ಎಳೆಯುತ್ತದೆ. 4 ಓಮ್ ಅಂತ ಬರೆದಿದ್ದು ಕೆಲವು ಸ್ವರಗಳಲ್ಲಿ 3ಕ್ಕೂ ಇಳಿಯಬಹುದು. ರಿಸೀವರ್ ಡಬ್ಬದ ಮೇಲಿನ 100 ವ್ಯಾಟ್ ಸಾಮಾನ್ಯವಾಗಿ 8 ಓಮ್ ಸ್ಪೀಕರಿನ ಲೆಕ್ಕ, ಅದೂ ಎರಡೇ ಚಾನೆಲ್ ಓಡಿಸಿ ಅಳೆದದ್ದು. ಸೆಟ್ಟಿಂಗ್‌ನಲ್ಲಿ 4 ಓಮ್ ಅಂತ ಆಯ್ಕೆ ಇದ್ದರೆ ಖುಷಿಪಡಬೇಡಿ. ಹೆಚ್ಚಿನ ರಿಸೀವರ್‌ಗಳಲ್ಲಿ ಅದು ಒಳಗಿನ ವೋಲ್ಟೇಜ್ ತಗ್ಗಿಸಿ ಬಿಸಿ ಕಡಿಮೆ ಮಾಡುತ್ತದೆ, ಅಷ್ಟೆ.

ಇನ್ನು ಆ 84 ಡಿಬಿ, ಅಂದರೆ ಇಂತಿಷ್ಟು ಪವರ್ ಕೊಟ್ಟರೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಅನ್ನೋ ಲೆಕ್ಕ. ಇದು ಸೋಮಾರಿ ಸ್ಪೀಕರು. 3 ಡಿಬಿ ಜಾಸ್ತಿ ಬೇಕು ಅಂದರೆ ವ್ಯಾಟ್ ಎರಡರಷ್ಟಾಗಬೇಕು, ಹಾಗಾಗಿ 90 ಡಿಬಿ ಸ್ಪೀಕರ್ ಮಾಡುವಷ್ಟೇ ಸದ್ದು ಮಾಡೋಕೆ ನಿಮ್ಮದಕ್ಕೆ ನಾಲ್ಕು ಪಟ್ಟು ಬೇಕು. ಭಾಗವತರ ಪದ 1 ವ್ಯಾಟ್‌ನಲ್ಲಿ ಹಾಯಾಗಿ ನಡೆಯುತ್ತಿದೆ ಅಂದುಕೊಳ್ಳಿ, ಅಷ್ಟರಲ್ಲಿ ಚಂಡೆ ಪೆಟ್ಟು 20 ಡಿಬಿ ಮೇಲೆ ಹಾರಿತು ಅಂದರೆ ಆ ಗಳಿಗೆಗೆ ಬೇಕಾದ್ದು 100 ವ್ಯಾಟ್! ಅಲ್ಲೇ ಒಡೆಯೋದು. ಒಡೆದ ಸದ್ದು ಬಂದ ಕೂಡಲೇ ತಗ್ಗಿಸಿ, ಇಲ್ಲದಿದ್ದರೆ ಟ್ವೀಟರ್ (ಏರು ಸ್ವರ ನುಡಿಸುವ ಒಳಗಿನ ಚಿಕ್ಕ ಸ್ಪೀಕರ್) ಸುಟ್ಟೀತು.

ಹಾಗಾದರೆ ಯಾವುದು? 8 ಓಮ್‌ಗೆ 80–100, 4 ಓಮ್‌ಗೆ 150 ವ್ಯಾಟ್ ಅಥವಾ ಮೇಲೆ ಕೊಡುವ ಸ್ಟೀರಿಯೋ ಆಂಪ್ಲಿಫೈಯರ್ ಸಾಕು. 4 ಓಮ್ ಲೆಕ್ಕವನ್ನೇ ಬರೆಯದ ಮಾಡೆಲ್ ಅಲ್ಲೇ ಬಿಟ್ಟು ಬನ್ನಿ. ನಿಮ್ಮ ರಿಸೀವರ್ ಹಿಂದೆ ಪ್ರೀ-ಔಟ್ (ಬೇರೆ ಆಂಪ್ಲಿಫೈಯರಿಗೆ ಹಾಡು ಕಳಿಸುವ ಜ್ಯಾಕ್) ಇದೆಯಾ ನೋಡಿ, ಇದ್ದರೆ ಬರೀ ಪವರ್ ಆಂಪ್ಲಿಫೈಯರ್ ತಗೊಂಡು ಅದಕ್ಕೆ ಸೇರಿಸಬಹುದು, ದುಡ್ಡೂ ಉಳಿಯುತ್ತದೆ.

ನಮ್ಮ ಕಡೆಯವರು ಮರೆಯೋದು ವೋಲ್ಟೇಜ್. ಮಳೆಗಾಲದ ಸಂಜೆ ನಿಮ್ಮಲ್ಲಿ ಬಲ್ಬು ಮಂಕಾಗುತ್ತದೆ ತಾನೇ? ಭಾರದ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿ ಆಂಪ್ಲಿಫೈಯರ್‌ಗೆ 230 ಬದಲು 180 ವೋಲ್ಟ್ ಬಂದರೆ, 100 ವ್ಯಾಟ್ ಇದ್ದದ್ದು ಸುಮಾರು 60ಕ್ಕೆ ಇಳಿಯುತ್ತದೆ. 100ರಿಂದ 240 ವೋಲ್ಟ್‌ವರೆಗೂ ನಡೆಯುವ ಪವರ್ ಸಪ್ಲೈ ಇರುವ ಕ್ಲಾಸ್ ಡಿ (ಕರೆಂಟನ್ನು ಅತಿ ವೇಗವಾಗಿ ಆನ್–ಆಫ್ ಮಾಡಿ ನಡೆಯುವ) ಆಂಪ್ಲಿಫೈಯರ್‌ಗೆ ಆ ಕಾಟ ಅಷ್ಟಿಲ್ಲ, ಬಿಸಿಯೂ ಕಡಿಮೆ. ನಾನಾದರೆ ಅದನ್ನೇ ತಗೊಳ್ಳುತ್ತೇನೆ.

ಹುಬ್ಬಳ್ಳಿಗೆ ಹೋಗಿ ಕೊಳ್ಳುವುದಾದರೆ ನಿಮ್ಮ ಚಂಡೆ–ಮದ್ದಳೆ ರೆಕಾರ್ಡಿಂಗನ್ನೇ ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ಅಂಗಡಿಯ ಡೆಮೊ ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ಸ್ಪೀಕರನ್ನೂ ಒಯ್ದರೆ ಇನ್ನೂ ಒಳ್ಳೆಯದು. ನಾನು ಕಾರವಾರದಿಂದ ಹಾಗೇ ಹೋದವನು, ಅರಬೈಲ್ ಘಟ್ಟದುದ್ದಕ್ಕೂ ಹಿಂದಿನ ಸೀಟಿನಲ್ಲಿ ಒಬ್ಬರು ಅದನ್ನು ತಬ್ಬಿಕೊಂಡು ಕೂತಿದ್ದರು. ಅಂಗಡಿಯಲ್ಲಿ ಆಂಪ್ಲಿಫೈಯರನ್ನು ಅರ್ಧ ಗಂಟೆ ಜೋರಾಗಿ ಓಡಿಸಿ ಅದರ ಮುಚ್ಚಳ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಕಾದಿದ್ದರೆ ಬೇಡ.

ಪ್ರಶ್ನೆ: ಕಾರವಾರದಲ್ಲಿ ಕಡಲ ಹತ್ತಿರ ನಮ್ಮ ಮನೆ. ಒಂದು ಬದಿ ಸ್ಪೀಕರ್ ಆಗಾಗ ಸುಮ್ಮನಾಗುತ್ತದೆ. ಆಂಪ್ಲಿಫೈಯರ್ ಬದಲಿಸಬೇಕಾ?

ಉತ್ತರ: ಮೊದಲು ವೈರಿನ ತುದಿ ನೋಡಿ. ಹಸಿರು ಕಟ್ಟಿದೆಯಾ? ಉಪ್ಪುಗಾಳಿಗೆ ತಾಮ್ರ ಹಾಗಾಗುತ್ತದೆ. ನನ್ನ ಮನೆಯಲ್ಲೂ ಇದೇ ಆಗಿತ್ತು, ಸುಮ್ನೆ ಎರಡು ಸಲ ರಿಪೇರಿಯವರಿಗೆ ದುಡ್ಡು ಕೊಟ್ಟೆ. ಒಳಗೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ತುದಿ ಬಿಗಿಯಾಗಿ ತಿರುಗಿಸಿ. ವೈರೇ ಕಪ್ಪಾಗಿದ್ದರೆ 2.5 ಸ್ಕ್ವೇರ್ ಎಂಎಂ ತಾಮ್ರದ್ದು ಹಾಕಿ. ಮತ್ತೆ, ಮಳೆಗಾಲದಲ್ಲಿ ಆಂಪ್ಲಿಫೈಯರ್‌ಗೆ ಪ್ಲಾಸ್ಟಿಕ್ ಹೊದಿಸಿ ಇಡಬೇಡಿ, ದಿನಾ ಸ್ವಲ್ಪ ಹೊತ್ತು ಹಾಡಿಸಿ.