ಕೆಟಮಿನ್ ಚಿಕಿತ್ಸೆ: ಒಪ್ಪುವ ಮುಂಚೆ ಡಾಕ್ಟರನ್ನು ಏನು ಕೇಳಬೇಕು?

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಕಾಫಿ ತೋಟ ಅವನೇ ನೋಡಿಕೊಳ್ಳುವುದು. ಮೂರು ವರ್ಷದಿಂದ ಖಿನ್ನತೆ. ಮಾತ್ರೆ ಎರಡು ಸಲ ಬದಲಾಯಿಸಿದರೂ ಅಷ್ಟಕ್ಕಷ್ಟೇ. ಇದ್ದು ಏನು ಪ್ರಯೋಜನ ಅಂತ ಆಗಾಗ ಹೇಳುತ್ತಾನೆ. ಈಗ ಮೈಸೂರಿನ ಡಾಕ್ಟರ್ ಕೆಟಮಿನ್ ಡ್ರಿಪ್ ಕೊಡೋಣ, ವಾರಕ್ಕೆ ಎರಡರಂತೆ ಆರು ಸಲ ಬನ್ನಿ ಅಂದಿದ್ದಾರೆ. ಮೊಬೈಲಲ್ಲಿ ನೋಡಿದರೆ ಅದು ಪಾರ್ಟಿಗಳಲ್ಲಿ ಓಡಾಡುವ ಡ್ರಗ್ಸ್ ಅಂತಿದೆ. ಅಪ್ಪ ಬೇಡವೇ ಬೇಡ ಅಂತಿದ್ದಾರೆ. ಮಾಡಿಸುವುದಾದರೂ ಕಾಫಿ ಕುಯ್ಲು ಮುಗಿಯಲಿ ಅಂತ ಅಮ್ಮ. ಏನು ಮಾಡೋಣ?
– ಓದುಗರು, ಗೋಣಿಕೊಪ್ಪ

ಉತ್ತರ: ಕೆಟಮಿನ್ ಮಾತು ಆಮೇಲೆ. ಮನೆಯಲ್ಲಿ ಕೋವಿ ಇದೆಯಾ? ನಮ್ಮ ಕೊಡಗು ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕೋವಿ ಕೈಗೆ ಸಿಗುವ ಹಾಗೇ ಇರುತ್ತದೆ. ಇವತ್ತೇ ಅದನ್ನು ತೋಟಾ ಸಮೇತ ತಮ್ಮನ ಕೈಗೆ ಸಿಗದಂತೆ ಮಾಡಿ. ಎಲ್ಲಿಡಬೇಕು, ಹೇಗಿಡಬೇಕು ಅಂತ ಠಾಣೆಯಲ್ಲಿ ವಿಚಾರಿಸಿ, ನಂಬಿಕಸ್ಥರ ಸುಪರ್ದಿಗೆ ಕೊಟ್ಟರೆ ಒಳ್ಳೆಯದು. ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆ ಮಾಡುವ ಕೋವಿ, ಹೊರಗೆ ಕಳಿಸೋದಾ ಅಂತ ಹಿರಿಯರಿಗೆ ಅನಿಸಬಹುದು. ತಮ್ಮ ಚೇತರಿಸಿಕೊಳ್ಳುವ ತನಕ ಮಾತ್ರ ಅಂತ ಹೇಳಿ. ತೋಟಕ್ಕೆ ಹೊಡೆಯುವ ಔಷಧಿ ಇಟ್ಟಿರುವ ಕೋಣೆಗೂ ಬೀಗ ಹಾಕಿ, ಕೀ ನಿಮ್ಮ ಹತ್ತಿರ ಇರಲಿ. ಸಾಯುವ ಯೋಚನೆ ಬರುತ್ತಾ ಅಂತ ತಮ್ಮನನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಅವನು ಹೇಳಿದ್ದನ್ನು ಡಾಕ್ಟರಿಗೂ ತಿಳಿಸಿ. ರಾತ್ರಿ ಹೊತ್ತು ಭಯವಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಬ್ಬನನ್ನೇ ಬಿಡಲು ಧೈರ್ಯ ಸಾಲದಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಅಪ್ಪನ ಭಯ. ಅವರು ಹೇಳುವುದು ಸುಳ್ಳಲ್ಲ. ಕೆಟಮಿನ್ ನಶೆಗೂ ಬಳಕೆಯಾಗುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಅದು ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ, ಮಾರಾಟಕ್ಕೆ ಬಿಗಿ ನಿಯಮವಿರುವ ಶೆಡ್ಯೂಲ್ ಎಕ್ಸ್ ಔಷಧಿ ಕೂಡ. ಆದರೆ ಅದು ಹುಟ್ಟಿದ್ದು ಆಸ್ಪತ್ರೆಗಾಗಿ. 1962ರಲ್ಲಿ ತಯಾರಾಯಿತು, 1970ರಿಂದ ಆಪರೇಷನ್‌ಗೆ ಅರಿವಳಿಕೆಯಾಗಿ ಬಳಕೆಯಲ್ಲಿದೆ. ಇವತ್ತಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಖಿನ್ನತೆಗೆ ಕೊಡುವ ಪ್ರಮಾಣ ತುಂಬ ಕಮ್ಮಿ. ಸಾಮಾನ್ಯವಾಗಿ ಕೆ.ಜಿ. ತೂಕಕ್ಕೆ ಅರ್ಧ ಮಿಲಿಗ್ರಾಂ, ಅದೂ 40 ನಿಮಿಷದಲ್ಲಿ ನಿಧಾನವಾಗಿ. 60 ಕೆ.ಜಿ. ತೂಗುವವರಿಗೆ 30 ಮಿಲಿಗ್ರಾಂ ಆಯ್ತು. ಆಪರೇಷನ್‌ಗೆ ಇದರ ಎರಡರಿಂದ ನಾಲ್ಕು ಪಟ್ಟು ಬೇಕಾಗುತ್ತದೆ.

ನಾವು ಮಾಮೂಲಿ ಕೊಡುವ ಮಾತ್ರೆಗಳು ಹೆಚ್ಚಾಗಿ ಮಿದುಳಿನ ಸೆರೊಟೋನಿನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಕೆಟಮಿನ್ ಗ್ಲುಟಮೇಟ್ ಅನ್ನುವ ಇನ್ನೊಂದು ರಾಸಾಯನಿಕದ ದಾರಿ ಹಿಡಿಯುತ್ತದೆ. ಕೆಲವರಿಗೆ ಒಂದೇ ದಿನದಲ್ಲಿ ಮನಸ್ಸು ಹಗುರಾಗುತ್ತದೆ, ಸಾಯುವ ಯೋಚನೆ ತಗ್ಗುತ್ತದೆ. ಇದು ದೊಡ್ಡ ವಿಷಯ. ಆದರೆ ಒಂದು ಸಲದ ಡ್ರಿಪ್ಪಿನ ಗುಣ ಹೆಚ್ಚೆಂದರೆ ಒಂದೆರಡು ವಾರ. ಅದಕ್ಕೇ ಆರು ಸಲ ಅಂದಿರುವುದು. ಎಲ್ಲರಿಗೂ ಹಿಡಿಯುವುದೂ ಇಲ್ಲ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆ ಇದ್ದವರಲ್ಲಿ ಮೂರು ವಾರ ಕೆಟಮಿನ್ ಪಡೆದ ನೂರಕ್ಕೆ 55 ಜನರಿಗೆ ಒಳ್ಳೆಯ ಗುಣ ಸಿಕ್ಕಿತು. ಶಾಕ್ ಟ್ರೀಟ್‌ಮೆಂಟ್ ಅಂತ ಜನ ಕರೆಯುವ ಇಸಿಟಿ ಪಡೆದವರಲ್ಲಿ 41. ಗುಣವಾದವರಲ್ಲೂ ಕೆಟಮಿನ್ ಪಡೆದ ಸುಮಾರು ಮೂರನೇ ಒಂದು ಭಾಗ ಜನರಿಗೆ ಆರು ತಿಂಗಳೊಳಗೆ ಖಿನ್ನತೆ ಮರುಕಳಿಸಿತು. ಆರು ಡ್ರಿಪ್ ಆದರೆ ಕಾಯಿಲೆ ಪೂರ್ತಿ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಡಾಕ್ಟರ ಹತ್ತಿರ ಇಷ್ಟನ್ನು ಬಿಡಿಸಿ ಕೇಳಿ. ಹಿಂದಿನ ಎರಡು ಮಾತ್ರೆಗಳನ್ನು ಸರಿಯಾದ ಡೋಸಿನಲ್ಲಿ ಆರರಿಂದ ಎಂಟು ವಾರ ತೆಗೆದುಕೊಂಡದ್ದು ನಿಜವಾ? ಎಷ್ಟೋ ಸಲ ಮಾತ್ರೆ ಸೋತಿರುವುದಿಲ್ಲ, ಅರ್ಧದಲ್ಲಿ ನಿಂತಿರುತ್ತದೆ. ಡ್ರಿಪ್ ನಡೆಯುವಾಗ ಬಿ.ಪಿ., ಆಕ್ಸಿಜನ್ ಯಾರು ನೋಡುತ್ತಿರುತ್ತಾರೆ? ಏರುಪೇರಾದರೆ ಉಸಿರಾಟ ನಿಭಾಯಿಸಲು ಅರಿವಳಿಕೆ ತಜ್ಞರು ಸಿಗುತ್ತಾರಾ? ಆರು ಮುಗಿದ ಮೇಲೆ ಮುಂದೇನು? ಖರ್ಚು ಎಷ್ಟು, ವಿಮೆ ಕೊಡುತ್ತಾ? ನಮ್ಮಲ್ಲಿ ಕೆಟಮಿನ್‌ಗೆ ಒಪ್ಪಿಗೆ ಇರುವುದು ಅರಿವಳಿಕೆಗೆ. ಖಿನ್ನತೆಗೆ ಕೊಡುವುದು ವೈದ್ಯರ ವಿವೇಚನೆಯ ಮೇಲೆ. ಅದು ತಪ್ಪಲ್ಲ. ಆದರೆ ವಿಮೆ ಕಂಪನಿ ತಕರಾರು ತೆಗೆಯಬಹುದು, ಮೊದಲೇ ವಿಚಾರಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಎಲ್ಲವನ್ನೂ ಅರ್ಥವಾಗುವ ಭಾಷೆಯಲ್ಲಿ ಹೇಳಿಸಿಕೊಳ್ಳುವುದು ನಿಮ್ಮ ತಮ್ಮನ ಹಕ್ಕು. ತಿಳಿದು ಯೋಚಿಸುವ ಸ್ಥಿತಿಯಲ್ಲಿ ಅವನಿದ್ದರೆ ಒಪ್ಪಿಗೆ ಅವನದ್ದು. ಅಪ್ಪನದ್ದೂ ಅಲ್ಲ, ನಿಮ್ಮದೂ ಅಲ್ಲ.

ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ನಮ್ಮ ಕಡೆ ಮದುವೆ, ಹಬ್ಬ, ಸಾವು ಎಲ್ಲದಕ್ಕೂ ಅದು ಇದ್ದೇ ಇರುತ್ತದೆ, ಹಾಗಾಗಿ ಎಷ್ಟೋ ಮನೆಯವರಿಗೆ ಹೇಳಬೇಕು ಅಂತಲೇ ಹೊಳೆಯುವುದಿಲ್ಲ. ಡಾಕ್ಟರಿಗೆ ಅದು ಬೇಕಾದ ಮಾಹಿತಿ. ಅಮ್ಮನಿಗೂ ಹೇಳಿ: ಕುಯ್ಲಿಗೆ ಆಳು ಹೇಗೋ ಹೊಂದಿಸಬಹುದು, ಇದನ್ನು ಮುಂದೂಡಬೇಡಿ.

ಪ್ರಶ್ನೆ: ನನಗೆ 58. ಬಿ.ಪಿ. ಇದೆ, ಮಾತ್ರೆ ಒಮ್ಮೊಮ್ಮೆ ಮರೆಯುತ್ತದೆ. ಆರು ತಿಂಗಳಿಂದ ಮನಸ್ಸಿಗೆ ಬೇಜಾರು, ನಿದ್ದೆ ಇಲ್ಲ. ಕೆಟಮಿನ್ ಬೇಗ ಕೆಲಸ ಮಾಡುತ್ತೆ ಅಂತ ಮಗಳು ಹೇಳಿದಳು. ಮಾಡಿಸಬಹುದಾ?
– ಓದುಗರು, ಸೋಮವಾರಪೇಟೆ

ಉತ್ತರ: ಈಗಲೇ ಬೇಡ ಅಮ್ಮ. ಕೆಟಮಿನ್ ಕೊಟ್ಟಾಗ ಸ್ವಲ್ಪ ಹೊತ್ತು ಬಿ.ಪಿ. ಏರುತ್ತದೆ. ಹಿಡಿತದಲ್ಲಿಲ್ಲದ ಬಿ.ಪಿ. ಇದ್ದವರಿಗೆ ಅದು ಅಪಾಯ. ಬೇಗ ಅನ್ನುವುದೊಂದೇ ಕಾರಣಕ್ಕೆ ಇದನ್ನು ಆರಿಸುವುದಿಲ್ಲ. ಮೊದಲು ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಆಮೇಲೆ ಹತ್ತಿರದ ಮನೋವೈದ್ಯರ ಹತ್ತಿರ ಹೋಗಿ. ಮಾಮೂಲಿ ಮಾತ್ರೆ, ಆಪ್ತ ಸಮಾಲೋಚನೆಯಲ್ಲೇ ತುಂಬ ಜನ ಸರಿಹೋಗುತ್ತಾರೆ. ಬಿ.ಪಿ. ಮಾತ್ರೆ ಮರೆಯದಂತೆ ನೋಡಿಕೊಳ್ಳುವ ಕೆಲಸ ಮಗಳಿಗೇ ಕೊಡಿ. ಸ್ಕಿಜೋಫ್ರೇನಿಯಾ ಇರುವವರಿಗೆ, ಗರ್ಭಿಣಿಯರಿಗೆ, ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆದವರಿಗೆ ಕೂಡ ಇದು ಆಗಿಬರುವುದಿಲ್ಲ.

ಪ್ರಶ್ನೆ: ನನಗೆ ಎರಡು ಡ್ರಿಪ್ ಆಯಿತು. ಮೊದಲ ದಿನ ದೇಹವೇ ಇಲ್ಲದ ಹಾಗೆ, ಗೋಡೆ ದೂರ ಸರಿದ ಹಾಗೆ ಆಗಿ ಅತ್ತುಬಿಟ್ಟೆ. ಆದರೆ ಈಗ ಮನಸ್ಸು ಹಗುರಾಗಿದೆ. ಇನ್ನು ಮಾತ್ರೆ ಯಾಕೆ, ನಿಲ್ಲಿಸು ಅಂತಾರೆ ನಮ್ಮವರು. ಮೂಗಿಗೆ ಸ್ಪ್ರೇ ಬಂದಿದೆಯಂತೆ, ಅದನ್ನು ಮನೆಯಲ್ಲೇ ಹಾಕಿಕೊಂಡರೆ ಮೈಸೂರಿಗೆ ಓಡಾಡುವುದು ತಪ್ಪುತ್ತದಲ್ವಾ?
– ಓದುಗರು, ನಾಪೋಕ್ಲು

ಉತ್ತರ: ನಿಮಗಾದದ್ದು ಈ ಔಷಧಿಯಲ್ಲಿ ತೀರಾ ಸಾಮಾನ್ಯ. ದೇಹದಿಂದ ಹೊರಗಿದ್ದ ಹಾಗೆ, ಹೊತ್ತು ನಿಂತುಹೋದ ಹಾಗೆ ಅನಿಸುತ್ತದೆ. ತಲೆಸುತ್ತು, ವಾಕರಿಕೆಯೂ ಬರಬಹುದು. ಹೆಚ್ಚಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಆದರೂ ಅತ್ತದ್ದನ್ನು ಡಾಕ್ಟರಿಗೆ ಹೇಳಿ. ಇದು ಆಗುತ್ತೆ ಅಂತ ಮೊದಲೇ ತಿಳಿಸಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಮುಂದಿನ ಸಲ ಕೋಣೆಯ ಲೈಟ್ ಕಮ್ಮಿ ಮಾಡಿಸಿ, ಪಕ್ಕದಲ್ಲಿ ನಿಮಗೆ ಬೇಕಾದವರು ಕೂತಿರಲಿ.

ಮಾತ್ರೆ ನಿಲ್ಲಿಸಬೇಡಿ. ಡ್ರಿಪ್ಪಿನ ಗುಣ ಇಳಿಯುವ ಹೊತ್ತಿಗೆ ಆಸರೆಯಾಗಬೇಕಾದದ್ದು ಅದೇ. ಎಷ್ಟು ದಿನ ಬೇಕು ಅನ್ನುವುದನ್ನು ಡಾಕ್ಟರ ಜೊತೆ ಕೂತು ತೀರ್ಮಾನಿಸಿ, ಮನೆಯವರನ್ನೂ ಕರೆದುಕೊಂಡು ಹೋಗಿ.

ಸ್ಪ್ರೇ ಅನ್ನುವುದು ಎಸ್‌ಕೆಟಮಿನ್, ಕೆಟಮಿನ್‌ನದೇ ಒಂದು ರೂಪ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲೂ ಮನೆಗೆ ಕೊಡುವುದಿಲ್ಲ. ಆಸ್ಪತ್ರೆಯಲ್ಲೇ ಹಾಕಿ, ಕನಿಷ್ಠ ಎರಡು ಗಂಟೆ ಕೂರಿಸಿ, ಬಿ.ಪಿ. ನೋಡಿ ಕಳಿಸುತ್ತಾರೆ. ಆನ್‌ಲೈನಲ್ಲಿ ಮನೆಗೆ ತರಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಹತ್ತಿರ ಹೋಗಬೇಡಿ. ನೋಡುವವರಿಲ್ಲದೆ ಪದೇ ಪದೇ ತೆಗೆದುಕೊಂಡರೆ ಚಟವಾಗುತ್ತದೆ, ಮೂತ್ರಕೋಶ ಹಾಳಾಗುತ್ತದೆ. ಮೂತ್ರ ಮಾಡುವಾಗ ಉರಿ, ಪದೇ ಪದೇ ಹೋಗಬೇಕು ಅನಿಸುವುದು, ರಕ್ತ ಕಾಣುವುದು ಇವೆಲ್ಲ ಅದರ ಗುರುತು. ಆಸ್ಪತ್ರೆಯಲ್ಲಿ ಕೊಡುವ ಆರು ಡೋಸಿಗೆ ಹೀಗಾಗುವುದು ಅಪರೂಪ, ಆದರೂ ಉರಿ ಕಂಡರೆ ತಿಳಿಸಿ.

ಓಡಾಟ ಕಷ್ಟ ಅಂತ ನನಗೂ ಗೊತ್ತು. ಜಿಲ್ಲೆಗೆ ರೈಲಿಲ್ಲ, ಮಳೆ ಹಿಡಿದರೆ ನಾಪೋಕ್ಲು ಕಡೆ ರಸ್ತೆ ಮೇಲೇ ನೀರು. ಮೈಸೂರಲ್ಲಿ ನೆಂಟರಿದ್ದರೆ ಡ್ರಿಪ್ ಆದ ರಾತ್ರಿ ಅಲ್ಲೇ ಉಳಿಯಿರಿ. ವಾಪಸ್ ಬರಲೇಬೇಕಾದರೆ ಬೇರೆಯವರು ಗಾಡಿ ಓಡಿಸಲಿ, ದಾರಿಯಲ್ಲಿ ವಾಂತಿಯಾದೀತು, ಕವರ್ ಇಟ್ಟುಕೊಳ್ಳಿ. ನೀವು ಸ್ಟೀರಿಂಗ್ ಮುಟ್ಟುವುದು ರಾತ್ರಿ ಪೂರ್ತಿ ನಿದ್ದೆ ಆದ ಮೇಲೆ, ಮಾರನೇ ದಿನ. ಸ್ಕೂಟರ್ರೂ ಅಷ್ಟೇ.